ಹರಣಶಿಕಾರಿ ಅಜ್ಜನ ಪಾಲಿನ ಮೈಕು

ಶಾಲೆಗಳಲ್ಲಿ ಬುಡಕಟ್ಟು ಜನರನ್ನು ಸನ್ಮಾನಿಸುವ ಹಂಗಾಮು ಬಂತೆಂದರೆ ಇಂಥವು ನಡೆದೇ ನಡೆಯುತ್ತವೆ. ನಡೆದಲ್ಲೆಲ್ಲ ನಾನಿರುತ್ತೇನೆ, ಯಾಕೆಂದರೆ ಮೈಕ್ ಸೆಟ್ ನನ್ನದು. ನಾನು ಲಿಂಗಸುಗೂರಿನಲ್ಲಿ "ಹಲೋ, ಚೆಕ್" ಅಂದರೆ ಮಸ್ಕಿಯ ಗುಡ್ಡ "ಹೂಂ" ಅನ್ನುತ್ತದೆ, ಸಿಂಧನೂರಿನ ಕಾಲುವೆಯಲ್ಲಿ ಮಲಗಿದ ಎಮ್ಮೆಗಳು ಎದ್ದು ನಿಲ್ಲುತ್ತವೆ. ಸುಳ್ಳು ಅನಿಸಿದರೆ ಎಮ್ಮೆಗಳನ್ನೇ ಕೇಳಿ.

ಇಂಥ ಮೈಕಿಟ್ಟುಕೊಂಡೂ ಒಬ್ಬ ಮುದುಕನ ನಾಲ್ಕು ಮಾತು ಹೊರಡಿಸುವುದು ನನ್ನಿಂದ ಆಗಲಿಲ್ಲ. ಆತ ಸಿಂಧನೂರಿನ ನಮ್ಮ ಓಣಿಯಾಚೆಯ ಗುಡಿಸಲಿನ, ಹರಣಶಿಕಾರಿ ಬುಡಕಟ್ಟಿನ ಅಜ್ಜ. ಹರೆಯದಲ್ಲಿ ಬಲೆ ಹಾಕಿ ಕೌಜುಗ ಹಕ್ಕಿ ಹಿಡಿಯುತ್ತಿದ್ದವನು, ಅದನ್ನು ಬಿಟ್ಟು ಬಳಗಾನೂರಿನ ಗದ್ದೆಗಳಿಗೆ ಕೂಲಿಗೆ ಹೋಗಿ ಮುಪ್ಪಾಗಿದ್ದ. ಅವನ ಮೊಮ್ಮಗಳಿಗೆ ಶಾಲೆಯಲ್ಲಿ "ಹಕ್ಕಿ ಕೊಲ್ಲಾಕಿ" ಅಂತ ಹೆಸರು ಬಿದ್ದಿತ್ತು, ಯಾರೂ ಪಕ್ಕದಲ್ಲಿ ಕೂರುತ್ತಿರಲಿಲ್ಲ.

"ಅಜ್ಜಾ, ಒಮ್ಮೆ ಮೈಕಿನ್ಯಾಗ ಎಲ್ಲಾರ ಮುಂದ ಹೇಳಿಬಿಡು" ಅನ್ನುವುದು ಹುಡುಗಿಯ ಹಟ. ಹೇಳಬೇಕಾದದ್ದು ಇಷ್ಟೇ: ಮರಿಗಳಿರುವ ಹಕ್ಕಿಯ ದನಿ ಕೇಳಿದರೆ ಅವರ ಮಂದಿ ಬಲೆ ಮಡಚಿಕೊಂಡು ಬರಿಗೈಲಿ ಮನೆಗೆ ಬರುತ್ತಿದ್ದರು.

ಲಿಂಗಸುಗೂರು: ಅಂಗಿ

ಮೊದಲ ಸನ್ಮಾನಕ್ಕೆ ಅಜ್ಜ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಬಂದ. ವೇದಿಕೆಯ ಮೇಲೆ ಮಕ್ಕಳು ಮೈಗೆ ಮಸಿ ಬಳಿದುಕೊಂಡು, ಸೊಂಟಕ್ಕೆ ಬೇವಿನ ಸೊಪ್ಪು ಕಟ್ಟಿಕೊಂಡು ಹೋ ಹೋ ಅಂತ ಕುಣಿಯುತ್ತಿದ್ದರು. ಹೆಡ್ ಮಾಸ್ತರರು ಅಜ್ಜನನ್ನು ನೋಡಿ ಗಾಬರಿಯಾದರು.

"ಅಜ್ಜಾರ, ಈ ಅಂಗಿ ಬ್ಯಾಡ್ರೀ. ಫೋಟೋದಾಗ ನೀವು ಬುಡಕಟ್ಟು ಮಂದಿ ಅನ್ನೂದು ಗೊತ್ತಾಗಂಗಿಲ್ಲ."

ಅಂಗಿ ತೆಗೆಸಿ, ತಲೆಗೊಂದು ಪುಕ್ಕದ ಕಿರೀಟ ಇಟ್ಟರು. ಅಜ್ಜ ಅದನ್ನು ಮುಟ್ಟಿ ನೋಡಿಕೊಂಡು ಕೇಳಿದ, "ಇದು ಯಾವ ಮಂದಿ ಪದ್ಧತಿರೀ ಸರ?"

"ಅಯ್ಯ, ನಿಮ್ಮದ ರೀ! ನಿಮಗ ಗೊತ್ತಿಲ್ಲೇನು?"

ಅಜ್ಜನ ಮಾತಿನ ಸರದಿ ಬರುವಷ್ಟರಲ್ಲಿ ಉಪ್ಪಿಟ್ಟು ಆರುತ್ತಿದೆ ಎಂದು ವಂದನಾರ್ಪಣೆ ಮುಗಿಸಿಬಿಟ್ಟರು. ಬರುವಾಗ ನನ್ನ ಟೆಂಪೋದಲ್ಲಿ ಅಜ್ಜ ಅಂದ, "ಮಾಸ್ತರು ಶ್ಯಾಣ್ಯಾರು ಬಿಡು. ನಾ ಇಷ್ಟ ದಿನ ತಪ್ಪು ಬಟ್ಟಿ ತೊಟ್ಟೀನಿ."

ಮಸ್ಕಿ: ಕುರ್ಚಿ

ಮಸ್ಕಿಯಲ್ಲಿ ಅಂಗಿಯ ತಕರಾರಿರಲಿಲ್ಲ. ಆದರೆ ಕಾರ್ಯಕ್ರಮ ಸುರುವಾಗುವ ಮೊದಲೇ ಅಲ್ಲಿನ ಮಾಸ್ತರರು ಅಜ್ಜನ ಹೆಗಲ ಮೇಲೆ ಕೈ ಹಾಕಿದರು.

"ಹೆಂಗೂ ಬಂದೀರಿ. ಬಿಸಿಯೂಟದ ಕ್ವಾಣ್ಯಾಗ ಇಲಿ ಭಾಳ ಆಗ್ಯಾವ. ನಿಮಗ ಅದೇನು ದೊಡ್ಡ ಕೆಲಸ?"

ಅಜ್ಜ ಅಕ್ಕಿ ಚೀಲಗಳ ಸಂದಿಯಲ್ಲಿ ಬೋರಲು ಮಲಗಿ ಬಿಲ ಹುಡುಕುತ್ತಿದ್ದಾಗ, ಇತ್ತ ನನ್ನ ಮೈಕಿನಲ್ಲಿ ಅತಿಥಿಗಳು "ಇವರಿಂದ ನಾವು ಕಲಿಯುವುದು ಬಹಳಷ್ಟಿದೆ" ಅಂತ ಗುಡುಗಿದರು. ಅಜ್ಜನ ಹೆಸರು ಕೂಗಿದರು. ಅಜ್ಜ ಇಲ್ಲ. ಅತಿಥಿಗಳಿಗೆ ಬೇರೆ ಊರಿನ ಅವಸರ, ಖಾಲಿ ಕುರ್ಚಿಗೇ ಶಾಲು ಹೊದಿಸಿ ಹಾರ ಹಾಕಿದರು. ಜನ ಚಪ್ಪಾಳೆ ತಟ್ಟಿದರು. ಕುರ್ಚಿ ಎದ್ದು ಕೈಮುಗಿಯಲಿಲ್ಲ, ಅಷ್ಟೇ ಕೊರತೆ.

ಮೈಮೇಲೆಲ್ಲ ಅಕ್ಕಿಯ ಧೂಳು ಹೊತ್ತು ಬಂದ ಅಜ್ಜ ಹಾರದ ಕುರ್ಚಿ ನೋಡಿ ನನ್ನ ಕಿವಿಯಲ್ಲಿ ಕೇಳಿದ, "ಪಾಪ, ಯಾರು ಹೋದರಪಾ?"

ಸಿಂಧನೂರು: ಮೌನ

ಮುಂದಿನದು ಹುಡುಗಿಯ ಶಾಲೆಯಲ್ಲೇ. "ಕಾಕಾ, ಈ ಸಲ ಮೊದಲು ಅಜ್ಜನ ಕೈಯಾಗ ಮೈಕ್ ಕೊಡಬೇಕು ನೋಡು" ಅಂದಳು.

"ಮಂತ್ರಿ ಬಂದು ಕಾಲು ಹಿಡಿದರೂ ಮೊದಲು ನಿಮ್ಮಜ್ಜಗ!" ಅಂತ ಎದೆ ತಟ್ಟಿಕೊಂಡೆ.

ಅಜ್ಜ ಕಾಯಲಿಲ್ಲ. ಚಳಿಗೆ ಹಿಡಿದ ಕೆಮ್ಮು ಅವನನ್ನು ಕರೆದುಕೊಂಡು ಹೋಯಿತು.

ಕಾರ್ಯಕ್ರಮ ಮಾತ್ರ ನಿಲ್ಲಲಿಲ್ಲ. ಹೆಡ್ ಮಾಸ್ತರರು ಗಂಟಲು ಸರಿಮಾಡಿಕೊಂಡು, "ಅಗಲಿದ ಹಿರಿಯರಿಗಾಗಿ ಒಂದು ನಿಮಿಷ ಮೌನ" ಅಂದರು. ಎಲ್ಲರೂ ಎದ್ದರು. ಎರಡು ಊರು ತಿರುಗಿದ ಮೇಲೆ ಅಜ್ಜನಿಗೆ ಕೊನೆಗೂ ಒಂದು ನಿಮಿಷ ಸಿಕ್ಕಿತ್ತು, ಅದೂ ಮಾತಾಡಬಾರದ ನಿಮಿಷ.

ಆಗ ಹುಡುಗಿ ಸಾಲಿನಿಂದ ಹೊರಬಂದು ಸೀದಾ ಮೈಕಿನ ಮುಂದೆ ನಿಂತಳು. ಮಾಸ್ತರರು ನನಗೆ ಬಂದ್ ಮಾಡು ಅಂತ ಕೈ ಬೀಸಿದರು. ಈ ಊರಲ್ಲಿ ನನ್ನಷ್ಟು ಕಣ್ಣು ಚುರುಕಿರುವವನು ಇನ್ನೊಬ್ಬನಿಲ್ಲ, ಆದರೆ ಆ ಹೊತ್ತು ನನಗೆ ಏನೂ ಕಾಣಿಸಲಿಲ್ಲ. ವಾಲ್ಯೂಮ್ ಪೂರಾ ತಿರುಗಿಸಿದೆ.

"ಇದು ಮರಿ ಇರೋ ಹಕ್ಕಿ ದನಿ. ಇದು ಕೇಳಿದ್ರ ನಮ್ಮಜ್ಜ ಬಲೆ ಮಡಚಿ ಬರತಿದ್ದ" ಅಂದವಳೇ, ಗಂಟಲೊಳಗಿಂದ ಸಣ್ಣಗೆ ಉರುಳಿಸಿ ಕೂಗಿದಳು.

ಸ್ವಲ್ಪ ಹೊತ್ತಿಗೆ ಕಾಂಪೌಂಡಿನಾಚೆಯ ಜಾಲಿಪೊದೆಯಿಂದ ಒಂದು ಕೌಜುಗ ಉತ್ತರ ಕೊಟ್ಟಿತು. ಗದ್ದೆಯ ಬದುವಿನಿಂದ ಇನ್ನೊಂದು. ಆಮೇಲೆ ಎಷ್ಟೋ.

ಕೈ ಬೀಸಿ ಸಾಕಾಗಿ ಮತ್ತೆ ಕಣ್ಣು ಮುಚ್ಚಿ ತಲೆ ತಗ್ಗಿಸಿದ್ದ ಮಾಸ್ತರರು ಹಲ್ಲು ಕಡಿದರು, "ಯಾರವು ಗದ್ದಲ ಮಾಡಾಕತ್ತಿದ್ದು? ಮೊದಲು ಹೊರಗ ಹಾಕ್ರಿ!"

ನಾನು ಹೇಳಿದೆ, "ಹೊರಗೇ ಅದಾವ್ರೀ ಸರ. ಮೊದಲಿಂದನೂ."