ಬಾತುಕೋಳಿ ಚೀಲವೂ ಮೂರನೆಯ ಕರೆಯೂ

ಈ ಸಲ ತೋಚಾಲ್ ಬೆಟ್ಟದ ಮೇಲೆ ಚಕ್ರವರ್ತಿಯ ಹಾಗೆ ಮಲಗಿ ಏಳುತ್ತೇನೆಂದು ಭೀಷಣ ಪ್ರತಿಜ್ಞೆ ಮಾಡಿದ್ದೆ! ಟೆಹರಾನಿನ ಗಂಡಸು ಗುರುವಾರ ಬೆಟ್ಟ ಹತ್ತಿ, ಶುಕ್ರವಾರ ಇಳಿದು, ಶನಿವಾರ ಕಚೇರಿಯಲ್ಲಿ ಎಲ್ಲರ ತಲೆ ಕೊರೆಯದಿದ್ದರೆ ಅವನ ಜನ್ಮ ಸಾರ್ಥಕವಾಗುವುದಿಲ್ಲ. ಸರಿ, ಸ್ಲೀಪಿಂಗ್ ಬ್ಯಾಗ್ ಕೊಳ್ಳಲು ಹೆಂಡತಿ ಫರಂಗೀಸಳ ಜೊತೆ ಅಂಗಡಿಗೆ ಹೋದೆ.

ಅಂಗಡಿಯವನು ಎರಡು ಬಗೆ ಹರವಿದ. ಒಂದರೊಳಗೆ ಬಾತುಕೋಳಿಯ ತುಪ್ಪಳ. ಹಗುರ, ಮಡಚಿದರೆ ಒಂದು ಕರಬೂಜದಷ್ಟು. ಇನ್ನೊಂದರೊಳಗೆ ಸಿಂಥೆಟಿಕ್; ಭಾರ, ಮಡಚಿದರೂ ಮಡಚದ ಹಾಗೆ. ನಾನು ತುಪ್ಪಳಕ್ಕೆ ಮನಸೋತೆ. ಫರಂಗೀಸ್ ಸಿಂಥೆಟಿಕ್ಕನ್ನು ಅಪ್ಪಿಕೊಂಡಳು. ತುಪ್ಪಳ ನೆನೆದರೆ ಕೆಲಸ ಕೆಟ್ಟಿತು, ಇದು ನೆನೆದರೂ ಬೆಚ್ಚಗಿರುತ್ತದೆ ಎಂಬುದು ಅವಳ ವಾದ.

"ಬಾತುಕೋಳಿ ನೀರಲ್ಲೇ ಇರುತ್ತೆ. ಯಾವತ್ತಾದ್ರೂ ಚಳಿ ಅಂತ ಗೊಣಗಿದ್ದು ಕೇಳಿದೀಯಾ?" ಎಂದೆ.

"ಅದು ಬದುಕಿರೋ ಬಾತುಕೋಳಿ, ಹುಶಂಗ್. ಇದು ಸತ್ತಿರೋದು."

ಅಂಗಡಿಯವನು ಕಿಸಕ್ಕೆಂದ. ನನಗೆ ಮೈಯೆಲ್ಲ ಉರಿಯಿತು. "ಬಿಡಿ ಯಜಮಾನ್ರೇ, ಇವಳ ಅಪ್ಪನ ಮನೇಲಿ ನೈಲಾನೇ ರೇಷ್ಮೆ" ಎಂದುಬಿಟ್ಟೆ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು! ಇಬ್ಬರೂ ನಮ್ಮ ನಮ್ಮ ಇಷ್ಟದ್ದನ್ನೇ ಕೊಂಡೆವು. ಫರಂಗೀಸ್ ತನ್ನ ಚೀಲ ತಾನೇ ಹೊತ್ತು ಮನೆಗೆ ಬಂದವಳು ಮಾತು ಬಿಟ್ಟಳು. ಹೇಳುವುದೇನಿದ್ದರೂ ಚಹಾದ ನೀರು ಕುದಿಸುವ ಸಮೋವಾರಿಗೆ ಹೇಳುತ್ತಿದ್ದಳು: ಈ ಮನೆಯಲ್ಲಿ ಯಾರಿಗಾದರೂ ಹಸಿವಾದರೆ ಅನ್ನ ಒಲೆಯ ಮೇಲಿದೆಯಂತೆ. ಮನೆಯಲ್ಲಿರುವುದು ನಾವಿಬ್ಬರೇ. ಕಚೇರಿಯಿಂದ ಬಂದು "ಬಂದೆ" ಎಂದರೆ ಫ್ರಿಜ್ಜು ಮಾತ್ರ ಗೊರ್ ಎನ್ನುತ್ತಿತ್ತು. ಹೆಂಡತಿ ಬೈದರೆ ಮನೆ ತುಂಬಿರುತ್ತದೆ ಎಂದು ನನಗೆ ಆಗ ತಿಳಿಯಿತು. ಒಂದೇ ಒಂದು ಮಾತಾಡಿಸಲಿ, ಬೈಗುಳವಾದರೂ ಸರಿ ಎಂದು ಬಾಯಿಬಾಯಿ ಬಿಡುತ್ತಿದ್ದೆ. ಬೆಟ್ಟದ ಗಾಳಿಗಾದರೂ ಅವಳ ಮನಸ್ಸು ಕರಗೀತೆಂದು ಗುರುವಾರ ಇಬ್ಬರೂ ಹತ್ತಿದೆವು. ಮುನಿಸು ಎರಡಾದರೂ ಗುಡಾರ ಒಂದೇ ಅಲ್ಲವೇ!

ಸಂಜೆಗೇ ಚಳಿ ಹಲ್ಲು ಕಡಿಸಿತು. ಕೆಳಗೆ ಟೆಹರಾನಿನ ದೀಪಗಳೆಲ್ಲ ಹತ್ತಿಕೊಂಡವು. ಅಷ್ಟು ಜನರ ಊರಿನಲ್ಲಿ ನನ್ನನ್ನು ಮಾತಾಡಿಸಬೇಕಾದವಳು ಒಂದು ಮೊಳ ದೂರದಲ್ಲಿ ಬೆನ್ನು ತಿರುಗಿಸಿ ಮಲಗಿದ್ದಳು. ಅವಳ ಗಮನ ಸೆಳೆಯಲು ನಾನು ತುಪ್ಪಳದೊಳಗೆ ಕೂತು, ಹಲ್ಲಿನ ನಡುವೆ ಸಕ್ಕರೆ ತುಂಡು ಕಚ್ಚಿ, ಫ್ಲಾಸ್ಕಿನ ಚಹಾ ಹೀರುತ್ತ "ಆಹಾ! ಎಂಥ ಬಿಸಿ!" ಎಂದು ಗರಿಗೆದರಿದೆ. ಸಕ್ಕರೆ ಗಂಟಲಿಗೆ ಇಳಿಯಿತು. ಕೆಮ್ಮಿದೆ. ಫ್ಲಾಸ್ಕು ಇಡೀ ಮಡಿಲಲ್ಲಿ ಮಗುಚಿತು!

ಒಂದು ನಿಮಿಷ ನಿಜಕ್ಕೂ ಬಿಸಿಯಾಗಿತ್ತು. ಆಮೇಲೆ ತುಪ್ಪಳವೆಲ್ಲ ಮುದ್ದೆಮುದ್ದೆಯಾಗಿ, ನಾನು ಒದ್ದೆ ಗೋಣಿಯಲ್ಲಿ ತುಂಬಿಟ್ಟ ಆಲೂಗಡ್ಡೆಯಾದೆ. ಹಲ್ಲುಗಳು ಕಟಕಟ ತಾಳ ಹಾಕಿದವು.

ಆಗ ಕತ್ತಲಲ್ಲಿ ಸರ್ರನೆ ಅವಳ ಚೀಲದ ಜಿಪ್ಪು ತೆರೆದ ಸದ್ದು. "ಒಳಗೆ ಬನ್ನಿ."

ಮಾತು! ನನಗೆ ಅಳುವೇ ಬಂತು. ಆದರೆ 'ಬಾ' ಅಲ್ಲ, 'ಬನ್ನಿ'! ಬಾಗಿಲಿಗೆ ಬಂದ ಅತಿಥಿಗೆ ಹೇಳುವ ಬನ್ನಿ. ನಮ್ಮಲ್ಲಿ ಇದಕ್ಕೆ ತಾರೋಫ್ ಎನ್ನುತ್ತಾರೆ. ಕರೆದವರು ಮರ್ಯಾದೆಗೆ ಕರೆಯುತ್ತಾರೆ, ಮರ್ಯಾದಸ್ಥ ಎರಡು ಸಲ ಬೇಡವೆನ್ನುತ್ತಾನೆ, ಮೂರನೆಯ ಸಲವೂ ಕರೆದರೆ ಮಾತ್ರ ಅದು ನಿಜವಾದ ಕರೆ. ನಾನೇನು ಸಂಸ್ಕಾರ ಇಲ್ಲದವನೇ?

"ಬೇಡ ಬೇಡ, ನಿಮಗೆ ಸುಮ್ಮನೆ ತೊಂದರೆ" ಎಂದೆ, ನಡುಗುತ್ತ.

"ತೊಂದರೆ ಏನಿಲ್ಲ, ಬನ್ನಿ."

"ಛೆ ಛೆ, ನಾನಿಲ್ಲೇ ಆರಾಮಾಗಿದೀನಿ."

ಮೂರನೆಯ ಕರೆಗೆ ಒಂದು ಕಾಲು ಹೊರಗಿಟ್ಟು ಕಿವಿ ನಿಮಿರಿಸಿದೆ. ಕೇಳಿಸಿದ್ದು ಜಿಪ್ಪು ಮುಚ್ಚಿದ ಸದ್ದು. ಅದರ ಹಿಂದೆಯೇ ಸಣ್ಣ ಗೊರಕೆ. ನಾನಾಗಿ ಕೇಳಲು ಬಾಯಿ ಬರಲಿಲ್ಲ. ಬೆಳಗಿನವರೆಗೂ ಒಂಟಿ ಬಾತುಕೋಳಿಯ ಹಾಗೆ ಮುದುರಿ ಕೂತೆ.

ಬೆಳಗ್ಗೆ ತಡೆಯಲಾರದೆ ಕೇಳಿಯೇಬಿಟ್ಟೆ. "ಮೂರನೇ ಸಲ ಯಾಕೆ ಕರೀಲಿಲ್ಲ?"

ಅವಳು ಚೀಲ ಮಡಚುತ್ತ ಹೇಳಿದಳು. "ಮೂರು ಸಲ ಕರೆಯೋದು ಅತಿಥೀನ. ಗಂಡನ್ನ ಒಂದೇ ಸಲ ಕರೆಯೋದು. ನಿನಗೆ ಒಂದು ಜಾಸ್ತೀನೇ ಆಯ್ತು."

ಇನ್ನು ಈ ಜನ್ಮದಲ್ಲಿ ಹೆಂಡತಿಗೆ ಬೇಡವೆನ್ನುವುದಿಲ್ಲ ಎಂದು ಅಲ್ಲೇ ಹೊಸ ಪ್ರತಿಜ್ಞೆ ಮಾಡಿದೆ. ಇಳಿಜಾರಿನ ಮೊದಲ ತಿರುವಿನಲ್ಲಿ ಅವಳು ನಿಂತು ತಿರುಗಿದಳು. "ಹುಶಂಗ್, ನೀನು..."

"ಹೂಂ, ಆಗಲಿ, ಖಂಡಿತ" ಎಂದೆ, ಮಾತು ಮುಗಿಯುವ ಮೊದಲೇ.

"...ನನ್ನ ಚೀಲಾನೂ ಹೊರ್ತೀಯಾ ಅಂತ ಕೇಳ್ತಿದ್ದೆ" ಎಂದು ಅದನ್ನು ನನ್ನ ಹೆಗಲಿಗೆ ಏರಿಸಿದಳು.

ಒಂದು ಹೆಗಲಿಗೆ ಚಹಾ ಕುಡಿದ ತುಪ್ಪಳ, ಇನ್ನೊಂದಕ್ಕೆ ಸಿಂಥೆಟಿಕ್! ಫರಂಗೀಸ್ ಕೈಬೀಸಿಕೊಂಡು ಮುಂದೆ ನಡೆದಳು, ದಾರಿಯುದ್ದಕ್ಕೂ ತನ್ನಪ್ಪನ ಮನೆಯಲ್ಲಿ ಎಷ್ಟೆಷ್ಟು ರೇಷ್ಮೆ ಇತ್ತೆಂದು ಹೇಳುತ್ತ. ನಾನು ಒಂದು ಮಾತೂ ಬಿಡದೆ ಹೂಂಗುಟ್ಟುತ್ತ ಹಿಂದೆ ಇಳಿದೆ.