ಶಿವಲಿಂಗಯ್ಯನ ಗುಂಡಿಗೆಯ ಮಾರ್ನಿಂಗ್ ಶೋ

೧೯೮೫ನೇ ಇಸವಿ ನವೆಂಬರ್ ೧೩, ಬುಧವಾರ. ಬೆಳಿಗ್ಗೆ ಒಂಬತ್ತು ಗಂಟೆ ಇಪ್ಪತ್ತು ನಿಮಿಷಕ್ಕೆ ಬಸ್ ಡ್ರೈವರ್ ಶಿವಲಿಂಗಯ್ಯ ತಗಡಿನ ಡಬ್ಬಿಯೊಂದನ್ನು ಕಂಕುಳಲ್ಲಿ ಒತ್ತಿಕೊಂಡು ತುರುವೇಕೆರೆಯ ತನ್ನ ಮನೆಯಿಂದ ಹೊರಟ. ಎದೆನೋವೆಂದು ಹೋದವನಿಗೆ ಬೆಂಗಳೂರಿನ ಆಸ್ಪತ್ರೆಯಲ್ಲಿ ತೆಗೆದುಕೊಟ್ಟ, ಹೃದಯದ ರಕ್ತನಾಳಗಳ ಫಿಲಂ ಅದರಲ್ಲಿತ್ತು. ಊರಿನ ಡಾಕ್ಟರು ಅದನ್ನು ನೋಡಿ ಮಧ್ಯಾಹ್ನದೊಳಗೆ ಸರ್ಟಿಫಿಕೇಟಿಗೆ ಸಹಿ ಹಾಕಿದರೆ ಮಾಯಸಂದ್ರದ ಬಸ್ಸು ಅವನದು. ಇಲ್ಲವಾದರೆ ಇನ್ನೊಬ್ಬ ಡ್ರೈವರ್ ಹುಚ್ಚರಂಗಯ್ಯನ ಪಾಲು. ಮಾಲೀಕ ರೇವಣ್ಣ ಕಡ್ಡಿ ಮುರಿದಂತೆ ಹೇಳಿದ್ದರು.

ಪಕ್ಕದ ಮನೆಯ ಗಂಗಕ್ಕ ಅಡ್ಡ ಬಂದಳು. "ಶಿವಲಿಂಗಣ್ಣ, ಹಳೇ ಗುಂಡಿಗೆನ ಡಬ್ಬೀಲಿ ಹಾಕ್ಕೊಟ್ರಾ?"

"ಹಳೇದೂ ಇಲ್ಲ ಹೊಸದೂ ಇಲ್ಲ ಕಣಕ್ಕ. ಇದ್ದಿದ್ದು ಇದ್ದಲ್ಲೇ ಐತೆ."

"ಸತ್ತೋರ ಗುಂಡಿಗೆ ತೆಗ್ದು ಬದುಕಿರೋರಿಗೆ ಇಕ್ತಾರಂತೆ, ರೇಡಿಯೋದಲ್ಲಿ ಹೇಳಿದ್ರು. ನಿಂಗಿಕ್ಕಿರೋದು ಗಂಡಸಿಂದೋ ಹೆಂಗಸಿಂದೋ, ಅದನ್ನಾದ್ರೂ ಕೇಳ್ಕಂಡು ಬಂದ್ಯಾ?"

ಶಿವಲಿಂಗಯ್ಯನ ಸಿಟ್ಟು ಒಣ ಸೋಗೆಗೆ ಕಿಡಿ ಬಿದ್ದಂತೆ ಹತ್ತಿಕೊಂಡಿತು. ಹಲ್ಲು ಕಡಿಯುತ್ತ ನಡೆದ.

ಡಾಕ್ಟರು ಫಿಲಮ್ಮನ್ನು ಕಿಟಕಿಯ ಬೆಳಕಿಗೆ ಹಿಡಿದರು. "ಇದು ಓಡೋ ಚಿತ್ರ ಕಣಯ್ಯ. ರಕ್ತ ಹೇಗೆ ಹರೀತಿದೆ ಅಂತ ಓಡಿಸಿಯೇ ನೋಡಬೇಕು. ಅದಕ್ಕೆ ಮಿಷನ್ ಬೇಕು. ನನ್ನ ಹತ್ರ ಇರೋದು ಟಾರ್ಚು."

ಕೆಮ್ಮಿಗೆ ಔಷಧಿ ಕೇಳಲು ಬಂದಿದ್ದ ಟಾಕೀಸಿನ ಆಪರೇಟರ್ ಲಕ್ಕಯ್ಯ ಬಾಯಿ ಹಾಕಿದ. "ನಮ್ ಟಾಕೀಸಲ್ಲಿ ಓಡ್ಸಾಣ ಬುಡಿ ಸಾರ್. ರೀಲು ನಮ್ ಸೈಜೇ ಐತೆ. ಒಂದು ನರಪಿಳ್ಳೆಗೂ ಗೊತ್ತಾಗಕಿಲ್ಲ."

ಹನ್ನೊಂದಕ್ಕೆ ಟಾಕೀಸಿನ ಮಿಷನ್ ರೂಮು ಹತ್ತಿದ ಲಕ್ಕಯ್ಯ, ಇಪ್ಪತ್ತು ವರ್ಷದ ಅಭ್ಯಾಸದಂತೆ, ಮೊದಲು ಹೊರಗಿನ ಮೈಕಿಗೆ ಗಣಪತಿಯ ಹಾಡು ಹಾಕಿದ. ಆ ಹಾಡು ಕೇಳಿದರೆ ಆಟ ಶುರು ಎಂದೇ ಊರಿನ ಲೆಕ್ಕ. ಹಾಡು ಮುಗಿಯುವಷ್ಟರಲ್ಲಿ ನೆಲ, ಬೆಂಚು, ಬಾಲ್ಕನಿ ಎಲ್ಲ ಭರ್ತಿ. ಬಾಲ್ಕನಿಯಲ್ಲಿ ರೇವಣ್ಣನವರು.

ಪರದೆಯ ಮೇಲೆ ಕಪ್ಪು ಕವಲುಗಳು ಮಿಡಿದು ಮಿಡಿದು ಹರಡಿದವು.

"ಬೇರು ಕಣ್ಲಾ," ಎಂದ ತೆಂಗಿನ ತೋಟದ ಕೆಂಚಯ್ಯ.

"ಬೇರಲ್ಲ ಕಣಯ್ಯ, ನನ್ ಗುಂಡಿಗೆ ನಾಳ," ಶಿವಲಿಂಗಯ್ಯ ಗುಡುಗಿದ. "ತೊಡೇಲಿ ಕೊಳವೆ ಇಟ್ಟು ಔಷಧಿ ಬಿಟ್ಟವ್ರೆ, ಅದು ಕಾಣ್ತಾ ಐತೆ."

"ಹಂಗಾರೆ ಕಪ್ಪುತಲೆ ಹುಳ ಬಿದ್ದ ತೆಂಗಿನ ಮರದ ಬೇರಿಗೆ ಔಷಧಿ ಕಟ್ಟಿದಂಗೇ ಆಯ್ತು. ಔಷಧಿ ಕಟ್ಟಿದ ಮರದ ಕಾಯ್ನ ನಲವತ್ತೈದು ದಿನ ಮುಟ್ಟಂಗಿಲ್ಲ. ಅಲ್ಲೀಗಂಟ ಇವನ ಬಸ್ಸೂ ಹತ್ತಂಗಿಲ್ಲ ಕಣ್ರಪ್ಪ."

ಹೌದು ಹೌದು ಎಂದವರೆಲ್ಲ ದಿನಾ ಅವನ ಬಸ್ಸಿನಲ್ಲೇ ಹೋಗಿಬರುವವರು.

ಹೆಂಗಸರ ಕಡೆಯಿಂದ ಗಂಗಕ್ಕನ ದನಿ ಬಂತು. "ಅದ್ಯಾಕೆ ಹಂಗೆ ಒದ್ದಾಡ್ತೈತೆ? ಹೊಸದಲ್ವಾ, ಇನ್ನೂ ಮೈಗೆ ಹೊಂದ್ಕಂಡಿಲ್ಲ."

ಶಿವಲಿಂಗಯ್ಯ ಪರದೆಯ ಮುಂದಕ್ಕೆ ನೆಗೆದ. ಅವನ ನಾಳಗಳು ಅವನದೇ ಅಂಗಿಯ ಮೇಲೆ ಮಿಡಿಯುತ್ತಿರಲು, ಗಂಗಕ್ಕನ ರೇಡಿಯೋದಿಂದ ಹಿಡಿದು ಕೆಂಚಯ್ಯನ ತೋಟದ ಕೊನೆಯ ಮರದವರೆಗೆ ಒಂದನ್ನೂ ಬಿಡದೆ ಬೈದ.

ಡಾಕ್ಟರು ಎದ್ದು ಕೈಯೆತ್ತಿದರು. "ಸುಮ್ನಿರ್ರಪ್ಪ. ನಾಳ ಎಲ್ಲೂ ಕಟ್ಟಿಲ್ಲ. ನಾಲೆ ನೀರಿನ ಹಾಗೆ ಹರೀತಿದೆ. ಗುಂಡಿಗೆ ಇವನದೇ, ಬಲು ಗಟ್ಟಿ."

ರೇವಣ್ಣ ಕೆಳಗಿಳಿದು ಬಂದರು. "ಹಂಗಾರೆ ಸಹಿ ಹಾಕಿ ಸಾರ್. ಒಂದೂವರೆಗೆ ಬಸ್ಸು ಬಿಡ್ಬೇಕು."

ಟಿಕೇಟು ಕೊಡುವ ಕಟ್ಟೆಯ ಮೇಲೆ ಫಾರಂ ಹರಡಿ ಡಾಕ್ಟರು ಒಂದೊಂದೇ ತುಂಬಿದರು. ಕೊನೆಯ ಒಂದು ಜಾಗ ಖಾಲಿ ಉಳಿದಿತ್ತು. ಗಂಗಕ್ಕನನ್ನು ದುರುಗುಟ್ಟಿ ನೋಡುತ್ತ ಇನ್ನೂ ಹಲ್ಲು ಕಡಿಯುತ್ತಿದ್ದ ಶಿವಲಿಂಗಯ್ಯನ ತೋಳಿಗೆ ಪಟ್ಟಿ ಸುತ್ತಿ ಗಾಳಿ ಹೊಡೆದರು. ನೋಡಿದರು. ಮತ್ತೊಮ್ಮೆ ಹೊಡೆದು ನೋಡಿದರು.

"ಹುಚ್ಚರಂಗಯ್ಯಂಗೆ ಹೇಳಿ ಕಳಿಸಿ ರೇವಣ್ಣ," ಎನ್ನುತ್ತ ಆ ಖಾಲಿ ಜಾಗದಲ್ಲಿ ಬರೆದರು. ರಕ್ತದೊತ್ತಡ: ೨೧೦/೧೨೦.