ಎರಡು ಟ್ಯಾಬು, ಒಂದು ಕುರ್ಚಿ

ಇಂಜಿನಿಯರ್ ಮೇಡಂ ತಮ್ಮ ಕೋಣೆಯಿಂದ ಹೊರಗೆ ಬಂದಾಗ ಮೀಟರಪ್ಪ ಬೆಂಚಿನ ಮೇಲೆ ಕೂತು ಮೊಣಕಾಲಿಗೆ ಮುಲಾಮು ತಿಕ್ಕುತ್ತಿದ್ದ. ಮುಲಾಮು ಹಚ್ಚದೆ ಹೊರಟಿದ್ದರೆ ಉಳಿದ ಮೀಟರ್ ರೀಡರುಗಳ ಹಾಗೆ ಅವನೂ ಆ ಹೊತ್ತಿಗೆ ಬೀದಿ ಸೇರಿರುತ್ತಿದ್ದ, ಈ ಫಜೀತಿ ಇನ್ಯಾರದೋ ತಲೆಗೆ ಬೀಳುತ್ತಿತ್ತು.

“ನೀವೊಬ್ರಾದ್ರೂ ಸಿಕ್ಕಿದ್ರಲ್ಲ, ಬನ್ನಿ ಒಳಗೆ,” ಅಂದರು ಮೇಡಂ.

ಒಂದು ಪ್ಯಾಂಟಿನ ಕಾಲು ಮೇಲೆ, ಒಂದು ಕೆಳಗೆ, ಹಾಗೇ ಒಳಗೆ ಹೋದ. ನೀರು ಸರಬರಾಜು ಕಚೇರಿಯಲ್ಲಿ ಅವನ ನಿಜವಾದ ಹೆಸರು ಗುರುತಿನ ಚೀಟಿಯಲ್ಲಿ ಮಾತ್ರ ಇತ್ತು. ಅದನ್ನು ಇವತ್ತಿನವರೆಗೆ ಯಾರೂ ಓದಿರಲಿಲ್ಲ. ಬೀದಿಯವರು ಇಟ್ಟ ಮೀಟರಪ್ಪ ಅನ್ನುವ ಹೆಸರೇ ಕಚೇರಿಗೂ ಬಂದು, ಮನೆಗೂ ಹೋಗಿ, ಈಗ ಹೆಂಡತಿಯೂ ಸಿಟ್ಟು ಬಂದಾಗ ಹಾಗೇ ಕರೆಯುತ್ತಿದ್ದಳು.

ಮೇಜಿನ ಮೇಲೆ ಎರಡು ಟ್ಯಾಬು ಇದ್ದವು. ಒಂದು ಕಪ್ಪು, ತೆಳ್ಳಗೆ, ಎಣ್ಣೆ ಹಚ್ಚಿ ಬಾಚಿದ ತಲೆಯ ಹಾಗೆ ಮಿರಮಿರ ಮಿಂಚುತ್ತಿತ್ತು. ಇನ್ನೊಂದು ಬೂದು ಬಣ್ಣದ್ದು, ದಪ್ಪ, ಸುತ್ತಲೂ ರಬ್ಬರ್ ಪಟ್ಟಿ. ಹುಟ್ಟುವಾಗಲೇ ಹೆಲ್ಮೆಟ್ ಹಾಕಿಕೊಂಡು ಹುಟ್ಟಿದಂತಿತ್ತು.

“ಎರಡು ಕಂಪನಿಯವರು ಸ್ಯಾಂಪಲ್ ಕೊಟ್ಟಿದ್ದಾರೆ. ಇವತ್ತು ನಿಮ್ಮ ಬೀದೀಲಿ ಎರಡರಲ್ಲೂ ರೀಡಿಂಗ್ ತಗೊಳ್ಳಿ. ಯಾವುದು ಒಳ್ಳೇದು ಅಂತ ಸಂಜೆ ಹೇಳಿ. ನೀವು ಹೇಳಿದ್ದನ್ನೇ ಎಲ್ಲರಿಗೂ ಕೊಡಿಸೋದು.”

“ನಾನಾ ಮೇಡಂ? ನಂಗೆ ಫೋನೇ ಸರಿಯಾಗಿ ಬರಲ್ಲ.”

“ಅದಕ್ಕೇ. ನಿಮಗೆ ಬಂದ್ರೆ ಎಲ್ಲರಿಗೂ ಬರುತ್ತೆ. ಕಂಪನಿಯವರ ಮಾತು ಕೇಳಿದ್ರೆ ಎರಡೂ ಆಕಾಶದಿಂದ ಇಳಿದು ಬಂದಿವೆ. ಅಂಗಡೀಲಿ ಗೆದ್ದಿದ್ದು ಬೀದೀಲಿ ಗೆಲ್ಲುತ್ತಾ, ಅದು ನಂಗೆ ಬೇಕು.”

ಇದು ಹೊಗಳಿಕೆಯೋ ಬೈಗುಳವೋ ಮೀಟರಪ್ಪನಿಗೆ ತಿಳಿಯಲಿಲ್ಲ. ಹೊಗಳಿಕೆ ಕೇಳಿ ಬಹಳ ಕಾಲವಾಗಿತ್ತಾದ್ದರಿಂದ ಅದೇ ಇರಬೇಕು ಅಂದುಕೊಂಡ. ಆ ಧೈರ್ಯದಲ್ಲೇ ಬಾಯಿಬಿಟ್ಟ. “ಮೇಡಂ, ಹಿರಿಯಣ್ಣನ ಕುರ್ಚಿ…”

“ಇವತ್ತಿನ ಕೆಲಸ ನೋಡ್ಕೊಂಡು ಹೇಳ್ತೀನಿ.”

ಹಿರಿಯಣ್ಣನ ಕುರ್ಚಿ ಹೊರಗಿನ ಕೋಣೆಯಲ್ಲಿ, ಕಿಟಕಿಯ ಪಕ್ಕ, ಸರಿಯಾಗಿ ಫ್ಯಾನಿನ ಕೆಳಗಿತ್ತು. ಮೀಟರ್ ರೀಡರುಗಳು ತರುವ ಚೀಟಿಗಳನ್ನು ನೋಡಿ ನೋಡಿ ಕಂಪ್ಯೂಟರಿಗೆ ಹೊಡೆಯುವುದು ಅಲ್ಲಿ ಕೂತವರ ಕೆಲಸ. ಹಿರಿಯಣ್ಣ ತಿಂಗಳ ಕೊನೆಗೆ ನಿವೃತ್ತನಾಗುವವನಿದ್ದ. ಮೀಟರಪ್ಪನ ಕಣ್ಣು ಆ ಕುರ್ಚಿಯ ಮೇಲೆ ಬಿದ್ದು ವರ್ಷಗಳಾಗಿದ್ದವು. ಮೊಣಕಾಲು ಮೀಟರ್ ಗುಂಡಿಯ ಮುಂದೆ ಬಗ್ಗಲು ಒಲ್ಲೆ ಅನ್ನುತ್ತಿತ್ತು. ಜೊತೆಗೆ ಬಡಾವಣೆಯ ನಾಯಿಗಳಿಗೆಲ್ಲ ಅವನ ಎಡಗಾಲಿನ ರುಚಿ ಗೊತ್ತಿತ್ತು. “ಆ ಕುರ್ಚಿ ಕೇಳ್ಕೊಂಡೇ ಮನೆಗೆ ಬನ್ನಿ,” ಎಂದು ಹೆಂಡತಿ ಬೆಳಿಗ್ಗೆಯೇ ತಾಕೀತು ಮಾಡಿದ್ದಳು. “ಇಲ್ಲಾಂದ್ರೆ ಆ ಕಾಲನ್ನ ನಾಯಿಗಳ ಹೆಸರಿಗೇ ಬರೆದುಕೊಟ್ಟುಬಿಡಿ.”

ಮೊದಲ ಮನೆ ನಿವೃತ್ತ ಮೇಷ್ಟ್ರದು. ಗೇಟಿನಲ್ಲೇ ತಡೆದರು.

“ಏನಯ್ಯಾ ಅದು, ಒಂದು ಕೈಲಿ ಕನ್ನಡಿ, ಒಂದು ಕೈಲಿ ಇಟ್ಟಿಗೆ?”

ಮೀಟರಪ್ಪ ಹೇಳಿದ. ಮೇಷ್ಟ್ರ ಮುಖ ಅರಳಿತು. ನಿವೃತ್ತಿಯಾದ ಮೇಲೆ ಪರೀಕ್ಷೆ ನಡೆಸುವ ಭಾಗ್ಯ ಅವರಿಗೆ ಸಿಕ್ಕಿರಲಿಲ್ಲ.

“ಹೋಲಿಸಬೇಕಾದ್ರೆ ಮಾನದಂಡ ಬೇಕು. ನಿನ್ನ ಮಾನದಂಡ ಏನು?”

“ಮೇಡಂ ಅದನ್ನ ಕೊಟ್ಟಿಲ್ಲ ಸಾರ್. ಇವೆರಡೇ ಕೊಟ್ಟಿದ್ದು.”

ಗುಂಡಿಯ ಮುಚ್ಚಳ ತೆಗೆದು ಕಪ್ಪು ಟ್ಯಾಬಿನ ಕಣ್ಣನ್ನು ಮೀಟರಿಗೆ ತೋರಿಸಿದ. ಅದು ತಾನೇ ಅಂಕಿ ಓದಿಕೊಂಡು ‘ಟಿಂಗ್’ ಅಂದಿತು. ಬೂದು ಟ್ಯಾಬಿಗೆ ಇಂಥ ನಾಜೂಕಿಲ್ಲ. ಬಿಸ್ಕತ್ತಿನಷ್ಟು ದೊಡ್ಡ ಅಂಕಿಗಳನ್ನು ಬೆರಳಿನಿಂದ ಒಂದೊಂದಾಗಿ ಒತ್ತಬೇಕು. ಒತ್ತಿದ ಮೇಲೆ ಅದೂ ಟಿಂಗ್ ಅಂದಿತು, ಸ್ವಲ್ಪ ಗೊಗ್ಗರು ದನಿಯಲ್ಲಿ.

“ಬೂದು ಬಣ್ಣದ್ದು ಪಾಸು,” ಅಂದರು ಮೇಷ್ಟ್ರು. “ಕೈಯಲ್ಲಿ ಒತ್ತಿದಾಗಲೇ ತಲೆಗೆ ಹೋಗೋದು. ಇನ್ನೊಂದು ಪಕ್ಕದವನದು ನೋಡಿ ಬರೆಯೋ ಜಾತಿ.”

“ಏನು ಪಾಸು?” ಎದುರು ಮನೆಯ ಟೈಲರಮ್ಮ ಕೊರಳಲ್ಲಿ ಟೇಪು ನೇತುಹಾಕಿಕೊಂಡೇ ಬಂದಳು. “ಅದನ್ನ ಹಿಡ್ಕೊಂಡು ಓಡಾಡಿದ್ರೆ ಯಾರ ತಲೆ ಒಡೆಯೋಕೆ ಹೊರಟ ಅಂತಾರೆ ಜನ. ಕರೀದೇ ಚೆನ್ನಾಗಿದೆ. ನೋಡೋಕೆ ಚೆನ್ನಾಗಿದ್ರೆ ತಾನೇ ಮುಟ್ಟೋಕೆ ಮನಸಾಗೋದು?”

“ನೋಡೋಕೆ ಚೆನ್ನಾಗಿರೋದು ಎಷ್ಟು ದಿನ ಬಾಳುತ್ತೆ?”

“ನೀವು ಹೊಲಿಸಿಕೊಂಡ ಪ್ಯಾಂಟು ಎಷ್ಟು ದಿನ ಬಾಳಿದೆ ಮೇಷ್ಟ್ರೆ? ಬಾಳ್ತಾನೇ ಇದೆ, ಇನ್ನೊಂದು ಹೊಲಿಸ್ತಾನೇ ಇಲ್ಲ ನೀವು.”

ಗದ್ದಲ ಕೇಳಿ ಮೂಲೆಮನೆ ಅಜ್ಜಿಯೂ ಜಗಲಿಗೆ ಬಂದಳು. ಕಪ್ಪು ಟ್ಯಾಬಿನಲ್ಲಿ ತನ್ನ ಮುಖ ನೋಡಿಕೊಂಡು, “ಇದರಲ್ಲಿ ನಮ್ಮ ತಂಗಿ ಮುಖ ಬರುತ್ತೇನಪ್ಪಾ?” ಅಂದಳು.

“ಬರುತ್ತಂತೆ ಅಜ್ಜಿ. ಆದ್ರೆ ಇದು ಆಫೀಸಿನದು.”

“ತಂಗಿ ಮುಖ ಬಂದ್ರೆ ಆಫೀಸಿಗೇನು ನಷ್ಟ?”

ಮೀಟರಪ್ಪನಿಗೆ ಈ ಬೆಳಗು ಹಬ್ಬದಂತಿತ್ತು. ಇಷ್ಟು ವರ್ಷ ಗಂಟೆ ಒತ್ತಿದರೆ ಕಿಟಕಿಯಿಂದ ಇಣುಕಿ, “ಮೀಟರಿನವನು, ಆಮೇಲೆ ಬರಲಿ ಬಿಡು” ಅನ್ನುತ್ತಿದ್ದ ಜನ ಈಗ ತಾವೇ ಗೇಟು ತೆಗೆದು ನಿಲ್ಲುತ್ತಿದ್ದರು. ಸಂಜೆ ಮೇಡಂ ಮುಂದೆ ಏನು ಹೇಳಬೇಕು ಅಂತ ಮನಸ್ಸಿನಲ್ಲೇ ಒಪ್ಪಿಸಿಕೊಳ್ಳುತ್ತ ನಡೆದ. ಅಷ್ಟರಲ್ಲಿ ಫೋನು ಬಂತು. ಹಿರಿಯಣ್ಣ.

“ಏನಯ್ಯಾ, ಹೇಗಿದೆ ಪರೀಕ್ಷೆ?”

“ಜೋರಾಗಿದೆ ಅಣ್ಣಾ. ರೀಡಿಂಗ್ ತಗೊಂಡ ತಕ್ಷಣ ಟಿಂಗ್ ಅನ್ನುತ್ತೆ.”

“ಟಿಂಗ್ ಅಂದಿದ್ದು ಎಲ್ಲಿಗೆ ಹೋಗುತ್ತೆ ಗೊತ್ತಾ? ಸೀದಾ ನನ್ನ ಕಂಪ್ಯೂಟರಿಗೆ. ತಾನಾಗೇ ಬಂದು ಬೀಳ್ತಿದೆ. ಬೆಳಿಗ್ಗೆಯಿಂದ ಕೈಕಟ್ಕೊಂಡು ಕೂತಿದೀನಿ.”

“ಒಳ್ಳೇದಾಯ್ತಲ್ಲಣ್ಣ. ಸ್ವಲ್ಪ ಆರಾಮ.”

“ಥೂ ದಡ್ಡ! ತಾನಾಗೇ ಬಂದು ಬಿದ್ರೆ ಹೊಡೆಯೋ ಮನುಷ್ಯ ಯಾಕೆ ಬೇಕು? ಮನುಷ್ಯ ಬೇಡ ಅಂದ್ಮೇಲೆ ಕುರ್ಚಿ ಯಾಕೆ? ನಾನು ಎದ್ದ ದಿನವೇ ಅದನ್ನ ಗುಜರಿಗೆ ಹಾಕ್ತಾರೆ. ನಂದೇನು, ಮನೆಗೆ ಹೋಗೋನು. ನಿನ್ನ ಗತಿ ನೋಡ್ಕೊ.”

ಮೀಟರಪ್ಪ ರಸ್ತೆಯ ನಡುವೆ ನಿಂತುಬಿಟ್ಟ. ಹಿಂದಿನಿಂದ ಬಂದ ಸೈಕಲ್ಲಿನವನು ಬೈದುಕೊಂಡು ಹೋದ. ಕೇಳಿಸಲಿಲ್ಲ.

“ಈಗ ಏನು ಮಾಡ್ಲಿ ಅಣ್ಣಾ?”

“ಎರಡೂ ಫೇಲಾಗಬೇಕು. ಒಂದು ಪಾಸಾದ್ರೂ ಕುರ್ಚಿ ಹೋಯ್ತು. ನಿನ್ನ ಮೇಲಿನ ಪ್ರೀತಿಗೆ ಹೇಳ್ದೆ, ಆಮೇಲೆ ನನ್ನ ಹೆಸರು ಎತ್ತಬೇಡ.”

ಮೀಟರಪ್ಪ ಬದುಕಿನಲ್ಲಿ ಬೇಕೆಂದು ಏನನ್ನೂ ಕೆಡಿಸಿದವನಲ್ಲ. ಅವನ ಕೈಯಲ್ಲಿ ಸಾಮಾನುಗಳು ತಾವಾಗಿಯೇ ಕೆಡುತ್ತಿದ್ದವು. ರೇಡಿಯೊ, ಮಿಕ್ಸರ್, ಭಾವಮೈದುನನ ಗಡಿಯಾರ, ಒಂದೂ ಅವನಿಗೆ ತೊಂದರೆ ಕೊಟ್ಟಿರಲಿಲ್ಲ. ಇವತ್ತು ಮಾತ್ರ ಟ್ಯಾಬುಗಳು ಹಟ ಹಿಡಿದವು.

ಮೊದಲು ಬೂದು. ಟೈಲರಮ್ಮನ ಮೀಟರ್ ಗುಂಡಿಯಲ್ಲಿ ಪೈಪು ಸೋರಿ ನೀರು ತುಂಬಿತ್ತು. ಮೀಟರಪ್ಪ ಬಗ್ಗಿದ. “ಅಯ್ಯೋ!” ಅಂದ. ಆಮೇಲೆ ಟ್ಯಾಬು ಬಿಟ್ಟ. ಎರಡೂ ಹಿಂದುಮುಂದಾಗಿದ್ದು ಯಾರೂ ಗಮನಿಸಲಿಲ್ಲ. ದುಡುಂ ಎಂದು ಬಿದ್ದ ಟ್ಯಾಬು ಒಮ್ಮೆ ಮುಳುಗಿ, ಬಾತುಕೋಳಿಯ ಹಾಗೆ ಮೇಲೆ ಬಂದು ತೇಲತೊಡಗಿತು.

“ಹೆದರಬೇಡ, ಹೆದರಬೇಡ!” ಟೈಲರಮ್ಮ ಅಳತೆಕೋಲು ತಂದು ಅದನ್ನು ದಡಕ್ಕೆಳೆದು, ಚೂರುಬಟ್ಟೆಯಲ್ಲಿ ಒರೆಸಿದಳು. ಪರದೆ ಫಳ್ಳನೆ ಹೊತ್ತಿಕೊಂಡಿತು. ನೆರೆದವರು ಚಪ್ಪಾಳೆ ಹೊಡೆದರು.

“ಹೇಳ್ಲಿಲ್ವಾ ನಾನು?” ಅಂದರು ಮೇಷ್ಟ್ರು. “ಗಟ್ಟಿ ಸರಕು!”

“ಗಟ್ಟಿ ಸರಕು,” ಅಂದ ಮೀಟರಪ್ಪ, ಅಳು ನುಂಗಿಕೊಂಡು.

ಅದನ್ನು ಆರಲೆಂದು ಮೇಷ್ಟ್ರ ಕಾಂಪೌಂಡ್ ಗೋಡೆಯ ಮೇಲೆ, ಅದರಲ್ಲೂ ಬೀಳುವಷ್ಟು ಅಂಚಿನಲ್ಲಿ ಇಟ್ಟ. ಅದು ಬಿತ್ತು. ಒಡೆಯಲಿಲ್ಲ. ಆದರೆ ಮೇಷ್ಟ್ರ ನಾಯಿ ಅದರ ರಬ್ಬರ್ ಪಟ್ಟಿಯನ್ನು ಮೂಸಿ ನೋಡಿ, ಮೀಟರಪ್ಪನ ಕಾಲಿಗಿಂತ ಇದೇ ವಾಸಿ ಅನ್ನಿಸಿತೋ ಏನೋ, ಬಾಯಲ್ಲಿ ಕಚ್ಚಿಕೊಂಡು ಗೇಟಿನ ಸಂದಿಯಿಂದ ಓಟ ಕಿತ್ತಿತು. ಮೀಟರಪ್ಪನಿಗೆ ಜೀವಮಾನದಲ್ಲಿ ಮೊದಲ ಸಲ ಒಂದು ನಾಯಿಯ ಮೇಲೆ ಪ್ರೀತಿ ಉಕ್ಕಿತು.

“ಹಿಡೀರಿ! ಆಫೀಸಿನ ಸಾಮಾನು!” ಮೇಷ್ಟ್ರು ಕೂಗಿದರು.

ಬೀದಿಗೆ ಬೀದಿಯೇ ಓಡಿತು. ಎಲ್ಲರಿಗಿಂತ ಹಿಂದೆ ಮೀಟರಪ್ಪ. ಮೊಣಕಾಲು ನೋವು ಇಷ್ಟು ಉಪಕಾರಕ್ಕೆ ಬರುತ್ತದೆ ಅಂತ ಅವನಿಗೆ ತಿಳಿದಿರಲಿಲ್ಲ. ಆದರೆ ಟೈಲರಮ್ಮ ಅಡ್ಡದಾರಿಯಲ್ಲಿ ನುಗ್ಗಿ, ತಿರುವಿನಲ್ಲಿ ಕೈಚಾಚಿ ನಿಂತಳು. ನಾಯಿ ಗಕ್ಕನೆ ನಿಂತಿತು. ಅವಳ ಕೈಯ ಕತ್ತರಿ ನೋಡಿ ಟ್ಯಾಬನ್ನು ತಾನೇ ಕೆಳಗಿಟ್ಟಿತು.

“ತಗೊ. ನಾಲ್ಕು ಹಲ್ಲು ಊರಿದೆ, ಅಷ್ಟೇ. ಉರೀತಾ ಇದೆ ನೋಡು,” ಏದುಸಿರು ಬಿಡುತ್ತ ತಂದುಕೊಟ್ಟಳು. “ಇದೇನಾದ್ರೂ ಹೋಗಿದ್ರೆ ನಿನ್ನ ಕೆಲಸಕ್ಕೇ ಕುತ್ತು ಬರ್ತಿತ್ತು ಪಾಪ.”

ಮೀಟರಪ್ಪನ ಕಣ್ಣಲ್ಲಿ ನೀರು ಬಂತು. ಎಲ್ಲರೂ ಅದನ್ನು ಕೃತಜ್ಞತೆ ಅಂದುಕೊಂಡರು.

ಇನ್ನು ಕಪ್ಪು. ಇದನ್ನು ಬ್ಯಾಟರಿ ಬರಿದು ಮಾಡಿಯೇ ಸೋಲಿಸಬೇಕೆಂದು ಅಜ್ಜಿಯ ಮನೆಗೆ ಹೋದ. “ತಂಗಿ ಜೊತೆ ಮಾತಾಡಿ ಅಜ್ಜಿ. ಅವಸರ ಇಲ್ಲ. ಮದುವೆ ಕಾಲದಿಂದ ಶುರು ಮಾಡಿ.” ತಂಗಿಯ ನಂಬರು ಒತ್ತಿಕೊಟ್ಟು, ಮುಖ ಬರುವುದನ್ನು ನೋಡಿ, ಉಳಿದ ಮನೆಗಳನ್ನು ಮುಗಿಸಲು ಹೊರಟ.

ತಿರುಗಿ ಬಂದಾಗ ಅಜ್ಜಿ ಸುಮ್ಮನೆ ಕೂತಿದ್ದಳು. ಟ್ಯಾಬಿನ ಬಾಲಕ್ಕೆ ವೈರು ಸಿಕ್ಕಿಸಿತ್ತು.

“ಚಾರ್ಜು ಮುಗೀಲಿಲ್ವಾ ಅಜ್ಜಿ?”

“ಮುಗೀತು. ಅವಳು ನನ್ನ ಓಲೆ ವಿಷಯ ಎತ್ತಿದಾಗಲೇ ಮುಗೀತು. ನಿಂಗೆ ತೊಂದ್ರೆ ಆಗಬಾರದು ಅಂತ ಮೊಮ್ಮಗಳ ವೈರು ಹಾಕಿ ಭರ್ತಿ ಮಾಡಿದೀನಿ ನೋಡು.”

ಮೀಟರಪ್ಪ ಜಗಲಿಯ ಮೇಲೆ ಕುಸಿದ. ಯಂತ್ರಗಳು ಸೋಲುವುದಿರಲಿ, ಈ ಬೀದಿಯ ಒಳ್ಳೆಯತನ ಅವುಗಳನ್ನು ಸೋಲಲು ಬಿಡುತ್ತಿರಲಿಲ್ಲ.

“ಇನ್ನೊಂದು ವಿಷಯ ಕಣಪ್ಪಾ,” ಅಜ್ಜಿ ದನಿ ತಗ್ಗಿಸಿದಳು. “ನಾನು ಎಲ್ಲೋ ಬೆರಳಿಟ್ಟೆ, ಗುಟ್ಟಿನ ಸಂಖ್ಯೆ ಹಾಕಿ ಅಂತ ಅದು ಕೇಳ್ತು. ಕೇಳಿದ್ದಕ್ಕೆ ಇಲ್ಲ ಅನ್ನೋಕಾಗುತ್ತಾ? ಹಾಕಿದೆ. ಈಗ ಅದೇನು ಅಂತ ನೆನಪಾಗ್ತಿಲ್ಲ. ತೆಗೀತಾನೇ ಇಲ್ಲ ಅದು.”

“ನಿಜವಾಗ್ಲೂ?” ಮೀಟರಪ್ಪ ಎದ್ದು ನಿಂತ. “ಒಂಚೂರೂ ನೆನಪಿಲ್ವಾ?”

“ಇಲ್ಲಪ್ಪ. ಬೈಬೇಡ.”

“ಬೈಯೋದೇ? ನೂರು ವರ್ಷ ಬಾಳಿ ಅಜ್ಜಿ. ನೆನಪು ಮಾತ್ರ ಮಾಡ್ಕೋಬೇಡಿ.”

ಕಪ್ಪಿನ ಕತೆ ಮುಗಿಯಿತು. ಬೂದಿನದು ಉಳಿಯಿತು. ಮೋರಿಯ ಕಟ್ಟೆಯ ಮೇಲೆ ಕೂತು ಮೀಟರಪ್ಪ ಅದನ್ನು ತೊಡೆಯ ಮೇಲಿಟ್ಟುಕೊಂಡ. ಇದು ನೀರಿಗೆ ಜಗ್ಗದು, ನಾಯಿಗೆ ಜಗ್ಗದು. ಆದರೆ ಬೆರಳು ಒತ್ತಿದ್ದನ್ನು ಮರುಮಾತಿಲ್ಲದೆ ನಂಬುತ್ತದೆ. ಅಲ್ಲೇ ಸಿಕ್ಕಿತು ದಾರಿ. ಸರಿಯಾದ ರೀಡಿಂಗುಗಳನ್ನು ಚೀಟಿಯಲ್ಲಿ ಬರೆದು ಜೇಬಿಗೆ ಸೇರಿಸಿದ. ಬೀದಿಯವರಿಗೆ ಅನ್ಯಾಯವಾಗಬಾರದಲ್ಲ. ಟ್ಯಾಬಿನಲ್ಲಿ ಮಾತ್ರ ಬೆಳಿಗ್ಗೆಯಿಂದ ಒತ್ತಿದ್ದನ್ನೆಲ್ಲ ಅಳಿಸಿ ಮನಸ್ಸಿಗೆ ಬಂದದ್ದು ಒತ್ತಿದ. ಅಜ್ಜಿಯ ಮನೆಗೆ ತನ್ನ ಫೋನ್ ನಂಬರು. ಮೇಷ್ಟ್ರ ಮನೆಗೆ ಹೋದ ತಿಂಗಳಿಗಿಂತ ಕಮ್ಮಿ. ಟಿಂಗ್, ಟಿಂಗ್, ಅಂದಿತು ಆ ಸಜ್ಜನ ಯಂತ್ರ.

ಸಂಜೆ ಮೀಟರಪ್ಪ ಕಚೇರಿಗೆ ಬಂದಾಗ ಮೇಡಂ ಹಿರಿಯಣ್ಣನ ಭುಜದ ಮೇಲಿಂದ ಬಗ್ಗಿ ಪರದೆ ನೋಡುತ್ತಿದ್ದರು.

“ಏನ್ರೀ ಇದು? ಆ ಅಜ್ಜಿ ಮನೇಲಿ ಒಂದು ತಿಂಗಳಿಗೆ ಒಂದು ಕೆರೆ ನೀರು ಖರ್ಚಾಗಿದೆ. ಮೇಷ್ಟ್ರು ನಮಗೇ ನೀರು ವಾಪಸ್ ಕೊಟ್ಟಿದ್ದಾರೆ!”

“ಮಧ್ಯಾಹ್ನದವರೆಗೆ ಚೆನ್ನಾಗೇ ಇತ್ತು ಮೇಡಂ. ನೀರಿಗೆ ಬಿತ್ತು. ಆಮೇಲೆ ನಾಯಿ ಕಚ್ಚಿತು. ನಾಯಿ ಕಚ್ಚಿದ್ರೆ ತಲೆ ಹೇಗೆ ಕೆಡುತ್ತೆ ಅಂತ ನನ್ನ ಕೇಳಿ.”

“ಇನ್ನೊಂದು?”

“ಅದು ಚೆಲುವೆ ಮೇಡಂ. ಕಂಡೋರೆಲ್ಲ ಕೈಹಾಕ್ತಾರೆ. ಒಬ್ಬರು ಬೀಗ ಹಾಕಿ ಬೀಗದ ಕೈ ಮರೆತಿದ್ದಾರೆ.”

ಹಿರಿಯಣ್ಣ ಪರದೆಯಿಂದ ಕಣ್ಣು ತೆಗೆಯಲಿಲ್ಲ. ಅವನ ಕಿವಿ ಮಾತ್ರ ಇತ್ತ ತಿರುಗಿದಂತಿತ್ತು. ಮೇಡಂ ಹಲ್ಲಿನ ಗುರುತುಗಳ ಮೇಲೆ ಬೆರಳಾಡಿಸಿ ನಿಟ್ಟುಸಿರು ಬಿಟ್ಟರು.

“ಎರಡನ್ನೂ ವಾಪಸ್ ಕಳಿಸ್ತೀನಿ. ಸದ್ಯಕ್ಕೆ ಹಳೇ ಚೀಟೀನೇ ಇರ್ಲಿ.”

ಮೀಟರಪ್ಪನ ಎದೆಯೊಳಗೆ ಫ್ಯಾನು ತಿರುಗಿತು. “ಹಾಗಾದ್ರೆ ಮೇಡಂ, ಕುರ್ಚಿ…”

“ಅದೇ ಬೇಜಾರು ನಂಗೆ. ಇವೆರಡರಲ್ಲಿ ಒಂದು ಗೆದ್ದಿದ್ರೂ ಉಳಿದವರಿಗೆ ಕಲಿಸೋಕೆ ಒಬ್ರು ಬೇಕಿತ್ತು. ನಿಮ್ಮನ್ನೇ ಮಹಡಿ ಮೇಲೆ ಕೂರಿಸೋಣ ಅಂತ ಒಪ್ಪಿಗೆ ತಗೊಂಡಿದ್ದೆ. ಬೀದಿ ಸುತ್ತೋದೇ ಇರ್ತಿರಲಿಲ್ಲ ನಿಮಗೆ.”

ಮೀಟರಪ್ಪ ಹಿರಿಯಣ್ಣನ ಕುರ್ಚಿಯ ಬೆನ್ನು ಹಿಡಿದುಕೊಂಡ. “ಮಹಡಿ ಹೋಗ್ಲಿ ಮೇಡಂ. ಈ ಕುರ್ಚಿಯಾದ್ರೂ… ತಿಂಗಳ ಕೊನೆಗೆ ಖಾಲಿ ಆಗುತ್ತಲ್ಲ?”

“ಎಲ್ಲಿ ಆಗುತ್ತೆ? ಟ್ಯಾಬು ಬಂದ್ರೆ ಮನೆಗೆ ಹೋಗ್ತೀನಿ, ಬರದಿದ್ರೆ ನನ್ನನ್ನೇ ಇನ್ನೆರಡು ವರ್ಷ ಮುಂದುವರಿಸಿ ಅಂತ ಹಿರಿಯಣ್ಣ ಮೊನ್ನೆನೇ ಕೇಳ್ಕೊಂಡಿದ್ರು. ಆಗಲಿ ಅಂದಿದ್ವಿ.” ಮೇಡಂ ಎರಡೂ ಟ್ಯಾಬು ಎತ್ತಿಕೊಂಡು ಒಳಗೆ ಹೋದರು.

ಮೀಟರಪ್ಪ ಹಿರಿಯಣ್ಣನ ಕಡೆ ನೋಡಿದ. ಹಿರಿಯಣ್ಣ ಕಂಪ್ಯೂಟರಿನ ಮೇಲೆ ಇಲ್ಲದ ಧೂಳನ್ನು ಕರವಸ್ತ್ರದಿಂದ ಬಹಳ ಶ್ರದ್ಧೆಯಿಂದ ಒರೆಸುತ್ತಿದ್ದ.

“ಅಣ್ಣಾ. ನನ್ನ ಮೇಲಿನ ಪ್ರೀತಿಗೆ ಹೇಳ್ದೆ ಅಂದ್ಯಲ್ಲ.”

“ಪ್ರೀತಿ ಇಲ್ಲ ಅಂದ್ನಾ ಈಗ?” ಹಿರಿಯಣ್ಣ ಎದ್ದ. ಕುರ್ಚಿಯನ್ನು ತಾನೇ ಎಳೆದುಕೊಟ್ಟ. “ಪಾಪ, ದಿನವೆಲ್ಲ ಓಡಿದೀಯ. ಕೂತ್ಕೊ ಬಾ. ನಾನು ಟೀ ಕುಡಿದು ಬರೋವರೆಗೂ ಇದು ನಿಂದೇ ಅಂದ್ಕೊ. ಹಾಗೇ ಕೂತಿರೋ ಬದಲು ನಿನ್ನ ಇವತ್ತಿನ ಚೀಟಿಗಳನ್ನೂ ಹೊಡೆದುಬಿಡು.”

ಬೈಯಲು ಮಾತು ಹುಡುಕುವಷ್ಟರಲ್ಲಿ ಹಿರಿಯಣ್ಣ ಬಾಗಿಲು ದಾಟಿದ್ದ. ಮೀಟರಪ್ಪ ಕೂತ. ಮೇಲಿನಿಂದ ಗಾಳಿ ತಣ್ಣಗೆ ನೆತ್ತಿಗೆ ಬಡಿಯಿತು. ನೋಯುವ ಕಾಲನ್ನು ಮೇಜಿನ ಕೆಳಗೆ ಉದ್ದಕ್ಕೆ ಚಾಚಿದ. ಹಿರಿಯಣ್ಣ ಟೀಯನ್ನು ಬಿಸಿಯಿರುವಾಗಲೇ ಎರಡು ಗುಟುಕಿಗೆ ಮುಗಿಸುವವನು ಅಂತ ಕಚೇರಿಗೆಲ್ಲ ಗೊತ್ತಿತ್ತು. ಮೀಟರಪ್ಪ ಅವಸರ ಅವಸರವಾಗಿ ಸುಖಪಡತೊಡಗಿದ.